ಗಂಡಭೇರುಂಡವೂ ಬಯಲು ಚಿತ್ರಕಲೆಯೂ: ಒಂದು ಸಂಶೋಧನಾತ್ಮಕ ಅವಲೋಕನ

ಗಂಡಭೇರುಂಡವನ್ನು ಕೆತ್ತಿದವರ, ಬರೆದವರ, ನಾಣ್ಯದ ಮೇಲೆ ಅಚ್ಚೊತ್ತಿದವರ ಬಗ್ಗೆ ನಮ್ಮಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಸ್ವತಃ ಗಂಡಭೇರುಂಡವೇ ಚಿತ್ರ ಬರೆಯಲು ಕೂತರೆ ಏನಾಗುತ್ತದೆ ಎಂಬತ್ತ ಮಾತ್ರ ವಿದ್ವಾಂಸರ ಗಮನ ಹರಿದಿಲ್ಲ. ಆ ಕೊರತೆಯನ್ನು ತುಂಬುವ ನಮ್ರ ಪ್ರಯತ್ನ ಈ ಸಂಪ್ರಬಂಧ. (‘ನಮ್ರ’ ಎಂದದ್ದು ರೂಢಿಯಂತೆ. ಈ ಕ್ಷೇತ್ರದಲ್ಲಿ ಮೊದಲಿಗರು ನಾವೇ ಎಂಬ ಗರ್ವ ಒಳಗೆ ಇದ್ದೇ ಇದೆ.) ಕೋಣೆಯೊಳಗೆ ಕೂತು ಬರೆಯುವ ಭೇರುಂಡದ ಕಷ್ಟಗಳು ಬೇರೆ, ಅವನ್ನು ಇಲ್ಲಿ ಬಿಟ್ಟಿದೆ. ಸ್ಟ್ಯಾಂಡು, ಬಣ್ಣ, ನೀರಿನ ಬಾಟಲಿ ಹೊತ್ತು ಬಯಲಿಗೆ ಬಂದ ಭೇರುಂಡವಷ್ಟೇ ನಮ್ಮ ವಿಷಯ.

ಮೊದಲ ತೊಡಕು ಕೈಯದು. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಈ ಹಕ್ಕಿಯ ಕೊಕ್ಕಿನಲ್ಲೂ ಆನೆ, ಉಗುರಿನಲ್ಲೂ ಆನೆ. ಹಾಗಾದರೆ ಕುಂಚ ಹಿಡಿಯುವುದು ಯಾವುದರಲ್ಲಿ? ಆನೆಗಳನ್ನು ಸ್ವಲ್ಪ ಹೊತ್ತು ಕೆಳಗಿಡಬಹುದಲ್ಲ ಎಂಬುದು ಪೂರ್ವಪಕ್ಷ. ಕೆಳಗಿಟ್ಟ ಆನೆ ಬಣ್ಣದ ಪೆಟ್ಟಿಗೆಯನ್ನು ತುಳಿಯದೆ ಬಿಡುವುದಿಲ್ಲವಾದ್ದರಿಂದ ಈ ವಾದ ನಿಲ್ಲದು. ಪರಿಹಾರ ಸಿಗುವುದು ಬಳ್ಳಿಗಾವಿಯಲ್ಲಿ. ಅಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಭೇರುಂಡ ಸ್ತಂಭದ ತುದಿಯಲ್ಲಿರುವುದು ಮನುಷ್ಯದೇಹಕ್ಕೆ ಎರಡು ಹಕ್ಕಿತಲೆ ಕೂಡಿಸಿದ ಮೂರ್ತಿ. ದೇಹ ಮನುಷ್ಯನದಾದ ಮೇಲೆ ಕುಂಚದ ಚಿಂತೆ ತೀರಿತು. ಅಷ್ಟೆತ್ತರದ ಕಂಬವನ್ನು ಆರಿಸಿದ್ದು ಸುತ್ತಲಿನ ನೋಟ ಚೆನ್ನಾಗಿ ಸಿಗಲಿ ಎಂದೇ ಇರಬೇಕು. ಬೇರೆ ಕಾರಣ ಹೇಳುವವರು ಚಿತ್ರ ಬರೆದವರಲ್ಲ.

ಇನ್ನು ಕೊಡೆ. ಬಯಲಲ್ಲಿ ಬರೆಯುವವರು ಬಣ್ಣದ ಕೊಡೆ ಹಿಡಿಯುವುದಿಲ್ಲ. ಕೆಂಪು ಕೊಡೆಯಡಿ ಕೂತರೆ ಕಾಗದವೆಲ್ಲ ಕೆಂಪೇರಿ, ಹಾಕಿದ ಬಣ್ಣ ಯಾವುದೆಂದೇ ತಿಳಿಯದು. ಬಿಳಿಯದಾದರೆ ಆ ಕಾಟವಿಲ್ಲ. ಭೇರುಂಡಕ್ಕಾದರೋ ರೆಕ್ಕೆಯೇ ಕೊಡೆ. ನಮ್ಮ ರಾಜ್ಯದ ಲಾಂಛನದಲ್ಲಿ ಗುರಾಣಿ ಕೆಂಪಾಗಿದ್ದರೂ ಅದರ ಮೇಲಿನ ಭೇರುಂಡ ಬೆಳ್ಳಗಿರುವುದಕ್ಕೆ ಇದೇ ಕಾರಣವೆಂಬುದು ನಿರ್ವಿವಾದ. ಕೈ ಬಳ್ಳಿಗಾವಿಯದು, ರೆಕ್ಕೆ ಲಾಂಛನದ್ದು ಎಂದು ಮಾರ್ಗದರ್ಶಕರು ಒಪ್ಪಿದರೆ ಸಂಶೋಧನೆ ಮುಂದೆ ಸಾಗುತ್ತದೆ.

ಆದರೆ ಕೈ ಸಿಕ್ಕ ಮಾತ್ರಕ್ಕೆ ಚಿತ್ರವಾಗುವುದಿಲ್ಲ. ಮೂಲ ಸಂಕಟ ಕಣ್ಣಿನದು. ಎರಡೂ ತಲೆಗಳು ವಿರುದ್ಧ ದಿಕ್ಕಿಗೆ ತಿರುಗಿವೆ. ಎದುರಿಗಿಟ್ಟ ಕ್ಯಾನ್ವಾಸು ಎರಡಕ್ಕೂ ನೆಟ್ಟಗೆ ಕಾಣುವುದಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ಕೂತರೆ ಒಂದು ತಲೆ ಮರ ನೋಡಿ ಹಸಿರು ಬೇಡುತ್ತದೆ, ಇನ್ನೊಂದು ಅಪಾರ್ಟ್‌ಮೆಂಟು ನೋಡಿ ಬೂದುಬಣ್ಣ. ಕೈಗಳು ತಮ್ಮ ತಮ್ಮ ಪಕ್ಕದ ತಲೆಗೆ ವಿಧೇಯವಾಗಿದ್ದು, ಕಾಗದದ ನಡುವಿನಲ್ಲಿ ಗಡಿವಿವಾದ ಹುಟ್ಟುತ್ತದೆ. ರೇಖೆಗಳು ಹೋಗಿ ಸೇರುವ ಬಿಂದು ಚಿತ್ರವೊಂದರಲ್ಲಿ ಎರಡಿರುವುದು ಕಲಾಶಾಲೆಗಳಲ್ಲಿ ಮಾಮೂಲಿ ಪಾಠ. ಆದರೆ ಅವೆರಡೂ ಒಂದೇ ದಿಗಂತದ ಮೇಲಿರಬೇಕು. ಇಲ್ಲಿ ದಿಗಂತಗಳೇ ಬೇರೆ.

ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳನ್ನು ಬಿಸಿಲಲ್ಲಿ ಕೂತು ಬರೆದರು. ಅವರಿಗಿದ್ದದ್ದು ಒಂದೇ ತಲೆ, ಅದೂ ಮರದ ಕಡೆಗೇ ತಿರುಗಿತ್ತು.

ಬೆಳಕಿನ ವಿಷಯದಲ್ಲಿ ಮಾತ್ರ ಭೇರುಂಡಕ್ಕೆ ಅನುಕೂಲವಿದೆಯೆಂದು ವಾದಿಸಬಹುದು. ಫ್ರಾನ್ಸಿನ ಮೊನೆ 1890–91ರಲ್ಲಿ ಹುಲ್ಲಿನ ಬಣವೆಗಳನ್ನು ಬರೆಯುವಾಗ, ಬಿಸಿಲು ಬದಲಾದಂತೆ ಕ್ಯಾನ್ವಾಸನ್ನೂ ಬದಲಿಸುತ್ತಿದ್ದ. ಭೇರುಂಡ ಉತ್ತರಕ್ಕೆ ಮುಖಮಾಡಿ ಕೂತರೆ ಒಂದು ತಲೆ ಮುಂಜಾವಿನದು, ಇನ್ನೊಂದು ಸಂಜೆಯದು, ಎದ್ದು ಕದಲಬೇಕಾಗಿಲ್ಲ. ಕಷ್ಟ ಬರುವುದು ನಡುಮಧ್ಯಾಹ್ನ, ಎರಡಕ್ಕೂ ಕೆಲಸವಿಲ್ಲದೆ ಹಸಿವಾದಾಗ.

ಪಂಚತಂತ್ರದ ಎರಡು ತಲೆಯ ಹಕ್ಕಿಯ ಕತೆ ಗೊತ್ತಿದ್ದದ್ದೇ. ಒಂದು ತಲೆ ಸಿಹಿಹಣ್ಣು ಹಂಚಿಕೊಳ್ಳದೆ ತಿಂದಿತು, ಇನ್ನೊಂದು ಆ ಹಟಕ್ಕೆ ವಿಷ ತಿಂದಿತು, ಹೊಟ್ಟೆ ಒಂದೇ ಆದ್ದರಿಂದ ಎರಡೂ ಸತ್ತವು. ಈಗ ಆ ಹಕ್ಕಿಯ ಪಕ್ಕದಲ್ಲಿ ಬಣ್ಣದ ತಟ್ಟೆ ಇದೆಯೆಂದು ಭಾವಿಸಿ. 19ನೇ ಶತಮಾನದ ಚಿತ್ರಕಾರರು ಮೆಚ್ಚಿ ಬಳಸುತ್ತಿದ್ದ ಎಮರಾಲ್ಡ್ ಗ್ರೀನ್‌ನಲ್ಲಿ ಆರ್ಸೆನಿಕ್ ಇತ್ತು. ಎಡತಲೆ ಒಬ್ಬಟ್ಟು ತಿಂದು ಮುಗಿಸಿದ್ದನ್ನು ಬಲತಲೆ ನೋಡಿದರೆ ಮುಂದಿನದು ಪೊಲೀಸರಿಗೆ ಬಿಟ್ಟದ್ದು. ಆದ್ದರಿಂದ ಭೇರುಂಡವು ಜಲವರ್ಣವನ್ನೇ ಬಳಸುವುದು ಲೇಸು. ಜಲವರ್ಣಕ್ಕೆ ಗೋಂದಿನ ಜೊತೆ ಜೇನು ಸೇರಿಸುವುದುಂಟು. ಆದರೆ ಜೇನಿಗೆ ಇರುವೆ ಬರುತ್ತದೆ, ಇರುವೆಯನ್ನು ತಿನ್ನುವುದು ಯಾವ ತಲೆ ಎಂಬ ಜಗಳ ಮತ್ತೆ ಶುರು.

ಕೀಟದ ಮಾತು ಬಂದಾಗ ಹೇಳಲೇಬೇಕು: ವ್ಯಾನ್ ಗೋ 1889ರಲ್ಲಿ ಬರೆದ ಆಲಿವ್ ಮರಗಳ ಚಿತ್ರದ ಬಣ್ಣದಲ್ಲಿ ಮಿಡತೆಯೊಂದರ ಅವಶೇಷ ಅಂಟಿಕೊಂಡಿರುವುದನ್ನು 2017ರಲ್ಲಿ ಕಾನ್ಸಾಸ್ ಸಿಟಿಯ ಸಂಗ್ರಹಾಲಯದವರು ಕಂಡುಹಿಡಿದರು. ಮೊನೆಯ ಟ್ರೂವಿಲ್ ಕಡಲತೀರದ ಚಿತ್ರದಲ್ಲಿ (1870) ಮರಳಿನ ಕಣಗಳೇ ಇವೆ. ಬರೆದವನು ಭೇರುಂಡವಾಗಿದ್ದರೆ ಮರಳು ಉಳಿಯುತ್ತಿತ್ತು, ಮಿಡತೆ ಉಳಿಯುತ್ತಿರಲಿಲ್ಲ. ಮುಂದಿನ ಶತಮಾನದ ಸಂಶೋಧಕರಿಗೆ ಇದರಿಂದಾಗುವ ನಷ್ಟವನ್ನು ಯಾರೂ ಲೆಕ್ಕ ಹಾಕಿಲ್ಲ.

ಮಳೆಗಾಲದಲ್ಲಿ ಆಗುಂಬೆಗೆ ಹೋಗಬಾರದೆಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಜಲವರ್ಣದ ಜಲ ಮಾತ್ರ ಉಳಿಯುತ್ತದೆ.

ಇಷ್ಟೆಲ್ಲ ಸುಧಾರಿಸಿಕೊಂಡರೂ ಜನ ಇದ್ದಾರೆ. ವಾರವಿಡೀ ಸರ್ಕಾರಿ ಪತ್ರಗಳ ನೆತ್ತಿಯ ಮೇಲೆ ನಿಂತಿರಬೇಕಾದ ಭೇರುಂಡಕ್ಕೆ ಬಿಡುವು ಭಾನುವಾರ ಮಾತ್ರ; ಲಾಲ್‌ಬಾಗಿಗೆ ಊರೆಲ್ಲ ಬರುವುದೂ ಅಂದೇ. ಒಬ್ಬರು ಬಂದು, “ಆ ಮರ ಇನ್ನೂ ಸ್ವಲ್ಪ ಎಡಕ್ಕಿದೆಯಲ್ಲ ಸಾರ್?” ಎನ್ನುತ್ತಾರೆ. ಅದು ಇನ್ನೊಂದು ತಲೆಯ ಮರವೆಂದು ವಿವರಿಸುವಷ್ಟರಲ್ಲಿ ಮತ್ತೊಬ್ಬರು, “ನಮ್ಮ ಮಗನೂ ಡ್ರಾಯಿಂಗ್ ಚೆನ್ನಾಗಿ ಮಾಡ್ತಾನೆ, ಒಂದು ಸೆಲ್ಫಿ?” ಎಂದು ನಿಲ್ಲುತ್ತಾರೆ. ಸಾಮಾನ್ಯ ಚಿತ್ರಕಾರ ಬೆನ್ನು ತಿರುಗಿಸಿ ಪಾರಾಗಬಹುದು. ಭೇರುಂಡ ಎತ್ತ ತಿರುಗಿದರೂ ಯಾರದೋ ಮುಖಕ್ಕೆ ಮುಖ ಕೊಡಲೇಬೇಕು. ಕಾವಲುಗಾರ ಬಂದು ಸ್ಟ್ಯಾಂಡಿಗೆ ಅನುಮತಿ ಇದೆಯೇ ಎಂದು ಕೇಳಿದರೆ ಒಂದು ತಲೆ ಇದೆ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಅನುಮತಿ ಪತ್ರದ ಮೇಲಿರುವ ಚಿತ್ರ ತನ್ನದೇ ಎಂದು ಎರಡೂ ತಲೆ ಒಮ್ಮತದಿಂದ ಹೇಳಿದರೂ ಕಾವಲುಗಾರ ಆಧಾರ್ ಕಾರ್ಡ್ ಕೇಳದೆ ಬಿಡುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಮನವಿ: ಮುಂದಿನ ಭಾನುವಾರ ಬಂಡೆಯ ಬಳಿ ಹೋದರೆ, ಬಣ್ಣದ ಪೆಟ್ಟಿಗೆ ಬಿಚ್ಚಿ ಕೂತ ಎರಡು ತಲೆಯ ಹಕ್ಕಿ ಕಂಡರೆ, ದಯವಿಟ್ಟು ಅದರ ನೇರ ಎದುರಿಗೇ ಹಾದು ಹೋಗಿ, ಅದಕ್ಕೆ ಏನೂ ತೊಂದರೆಯಾಗುವುದಿಲ್ಲ.