ದಿನಕ್ಕೊಂದು ಕಡಲತೀರ

ಆಂಟೀಗಾಕ್ಕೆ ಹೊರಟಿದ್ದೇನೆ ಎಂದು ನೆಂಟರಿಷ್ಟರ ನಡುವೆ ಹೇಳಿಕೊಳ್ಳುವ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು. 2018ರಲ್ಲಿ ಬ್ಯಾಂಕ್ ಹಗರಣದ ಆರೋಪ ಹೊತ್ತ ವಜ್ರದ ವ್ಯಾಪಾರಿಯೊಬ್ಬರು ಅಲ್ಲಿಗೆ ಹೋಗಿ ಕೂತ ಮೇಲೆ ನಮ್ಮ ಟಿವಿಗಳು ಆ ದ್ವೀಪಕ್ಕೆ ಎಂಥ ಪ್ರಚಾರ ಕೊಟ್ಟವೆಂದರೆ, "ಹೌದಾ? ಯಾವ ಬ್ಯಾಂಕಲ್ಲಪ್ಪಾ ಸಾಲ ತಗೊಂಡಿದ್ದೆ?" ಎಂದು ಸ್ವಂತ ಚಿಕ್ಕಪ್ಪನೇ ಕೇಳಿಯಾನು. ಕೆರಿಬಿಯನ್ ಕಡೆ ಒಂದು ಸುತ್ತು ಹೋಗಿಬರ್ತೀವಿ ಎಂದು ತೇಲಿಸಿಬಿಟ್ಟರೆ ಕ್ಷೇಮ.

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಇಳಿದು ಹತ್ತಬೇಕು. ವೀಸಾದ ನಿಯಮ ಆಗಾಗ ಬದಲಾಗುವುದರಿಂದ ಹೋಗಿಬಂದವರ ಮಾತು ನಂಬದೆ ಅಲ್ಲಿಯ ಸರ್ಕಾರವನ್ನೇ ಕೇಳಿ. ನನ್ನ ಮಾತೂ ಅದರಲ್ಲಿ ಸೇರಿತು. ಪೆಟ್ಟಿಗೆಗೆ ಅಂಟಿಸುವ ಚೀಟಿಯ ಮೇಲೆ ಎ, ಎನ್, ಯು ಎಂಬ ಮೂರು ಅಕ್ಷರ ಇರುತ್ತದೆ. ಯಾರೋ ಅನು ಎಂಬುವವಳ ಪೆಟ್ಟಿಗೆ ನಮ್ಮ ಕೈಗೆ ಬಂತೆಂದು ಗಾಬರಿಯಾಗಬೇಡಿ. ಅದು ಆಂಟೀಗಾ ವಿಮಾನ ನಿಲ್ದಾಣದ ಸಂಕೇತ.

ಆ ಪೆಟ್ಟಿಗೆಯಲ್ಲಿ ಏನೇ ತುಂಬಿ, ಮಿಲಿಟರಿಯ ಮಚ್ಚೆಮಚ್ಚೆ ಬಟ್ಟೆ ಮಾತ್ರ ಬೇಡ. ಅಲ್ಲಿ ಅದನ್ನು ಸಾಮಾನ್ಯರು ತೊಡುವುದು ಕಾನೂನಿಗೆ ವಿರುದ್ಧ, ಮಕ್ಕಳ ಚಡ್ಡಿಗೂ ವಿನಾಯಿತಿಯಿಲ್ಲ. ನಮ್ಮ ಜಾತ್ರೆಗಳಲ್ಲಿ ರಾಶಿ ಹಾಕಿ ಮಾರುವ ಪ್ಯಾಂಟು ತೊಟ್ಟ ಐದು ವರ್ಷದ ಪೋರ ಒಂದು ದೇಶದ ಭದ್ರತೆಗೆ ಏನು ಮಾಡಿಯಾನು ಎಂದು ವಾದಿಸಬಹುದು. ಆದರೆ ತಾಸುಗಟ್ಟಲೆ ವಿಮಾನದಲ್ಲಿ ಕೂತು ಸವೆದ ದೇಹದಿಂದ ವಾದ ಚೆನ್ನಾಗಿ ಹೊರಡುವುದಿಲ್ಲ. ಯಾವಾಗ ಹೋಗುವುದು ಎಂದರೆ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹವೆ ಚೆನ್ನ, ಬೆಲೆ ದುಬಾರಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ, ಬೆಲೆ ಇಳಿದಿರುತ್ತದೆ. ಅಗ್ಗವೆಂದು ಹಿಗ್ಗುವವರು ಪಕ್ಕದ ಬಾರ್ಬುಡಾವನ್ನು ನೆನೆಯಲಿ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬಡಿದ ಮೇಲೆ ಆ ದ್ವೀಪದ ಜನರನ್ನೆಲ್ಲ ಆಂಟೀಗಾಕ್ಕೆ ಸಾಗಿಸಬೇಕಾಯಿತು.

ಇನ್ನು ದುಡ್ಡು. ಇಡೀ ದ್ವೀಪದಲ್ಲಿ ಎರಡು ಡಾಲರ್ ಓಡಾಡುತ್ತವೆ: ಒಂದು ಅಮೆರಿಕದ್ದು, ಇನ್ನೊಂದು ಪೂರ್ವ ಕೆರಿಬಿಯನ್ನಿನದು. 1976ರಿಂದ ಒಂದು ಅಮೆರಿಕನ್ ಡಾಲರಿಗೆ ಅಲ್ಲಿಯ 2.70 ಡಾಲರ್ ಎಂದು ಕಟ್ಟಿಹಾಕಿದ್ದಾರೆ, ಅದು ಅಲ್ಲಾಡಿಲ್ಲ. "ಹತ್ತು ಡಾಲರ್" ಎಂದಾಗ ಯಾವ ಹತ್ತು ಎಂದು ಕೇಳಲು ಸಂಕೋಚಪಟ್ಟರೆ ಆ ಸಂಕೋಚದ ಬೆಲೆ ಸುಮಾರು ಹದಿನೇಳು. ಟ್ಯಾಕ್ಸಿಗಳಲ್ಲಿ ಮೀಟರಿಲ್ಲ, ದರವನ್ನು ಸರ್ಕಾರ ಗೊತ್ತುಮಾಡಿದೆ. ಹತ್ತುವ ಮೊದಲೇ ಮೊತ್ತವನ್ನೂ ಡಾಲರಿನ ಕುಲಗೋತ್ರವನ್ನೂ ಕೇಳಿಕೊಳ್ಳಿ.

ನನ್ನ ಮತ ಬಸ್ಸಿಗೆ. ಅದು ಬಸ್ಸಲ್ಲ, ನಮ್ಮ ಮ್ಯಾಕ್ಸಿಕ್ಯಾಬಿನ ದಾಯಾದಿ. ಸೇಂಟ್ ಜಾನ್ಸ್ ಪಟ್ಟಣದ ಮಾರುಕಟ್ಟೆ ಬಳಿಯ ನಿಲ್ದಾಣದಿಂದ 17ನೇ ನಂಬರಿನದು ಇಂಗ್ಲಿಷ್ ಹಾರ್ಬರಿಗೆ ಹೋಗುತ್ತದೆ. ಎಷ್ಟು ಗಂಟೆಗೆ ಹೊರಡುತ್ತದೆ? ತುಂಬಿದಾಗ. ಇದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ವಿವರಿಸಬೇಕಾದ್ದು ಬೇರೆ ಇದೆ. ಬಸ್ ಹತ್ತಿದವರು ಒಳಗಿರುವವರಿಗೆಲ್ಲ ಕೇಳುವಂತೆ "ಗುಡ್ ಮಾರ್ನಿಂಗ್" ಎನ್ನಬೇಕು, ಒಳಗಿನವರು ತಿರುಗಿ ಹೇಳುತ್ತಾರೆ. ಅಂಗಡಿಗೆ ಹೋದರೂ ಅಷ್ಟೇ, ಕಚೇರಿಗೆ ಹೋದರೂ ಅಷ್ಟೇ. ನಾವೋ ಅಂಗಡಿಯ ಮೆಟ್ಟಿಲು ಹತ್ತುವಾಗಲೇ "ಇದು ಎಷ್ಟ್ರೀ?" ಎನ್ನುವ ಜನ. ಅಲ್ಲಿ ಹಾಗೆ ಶುರುಮಾಡಿದರೆ ಅಂಗಡಿಯಮ್ಮ ಕಿವಿ ಕೇಳಿಸದವಳಂತೆ ಡಬ್ಬಿ ಒರೆಸುತ್ತ ನಿಲ್ಲುತ್ತಾಳೆ. ಒಂದು ನಮಸ್ಕಾರ ಬಿತ್ತೋ, ಬೆಲೆಯ ಜೊತೆಗೆ ದಾರಿ, ಹವಾಮಾನ, ಅವಳ ಅಳಿಯನ ಗುಣಾವಗುಣ ಎಲ್ಲ ಸಿಗುತ್ತದೆ. ಪ್ರವಾಸದ ಕೈಪಿಡಿಗಳು ಸನ್‌ಸ್ಕ್ರೀನಿಗೆ ಅರ್ಧ ಪುಟ ಕೊಟ್ಟು ಇದಕ್ಕೆ ಒಂದು ಸಾಲು ಕೊಡುವುದು ನನಗಂತೂ ಅನ್ಯಾಯವಾಗಿ ಕಾಣುತ್ತದೆ.

ಇಂಗ್ಲಿಷ್ ಹಾರ್ಬರಿನಲ್ಲಿರುವ ಹಳೆಯ ನೌಕಾಂಗಣಕ್ಕೆ ಬ್ರಿಟಿಷ್ ನೌಕಾಪಡೆಯ ನೆಲ್ಸನ್ನನ ಹೆಸರು. 1784ರಿಂದ ಮೂರು ವರ್ಷ ಈ ಕಡೆ ಕೆಲಸಮಾಡಿದ ಅವನಿಗೆ ಈ ಜಾಗ ಕಂಡರಾಗುತ್ತಿರಲಿಲ್ಲ. ಅದಕ್ಕೇ ಇರಬೇಕು, ಅವನ ಹೆಸರನ್ನೇ ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದಾರೆ. ಆಫ್ರಿಕಾದಿಂದ ತಂದ ಗುಲಾಮರ ಬೆವರಿನಿಂದ ಎದ್ದ ಈ ನೌಕಾಂಗಣ 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದೇ ವರ್ಷ ದ್ವೀಪದ ಅತಿ ಎತ್ತರದ ಗುಡ್ಡಕ್ಕೂ ಒಂದು ಭಾಗ್ಯ ಬಂತು. 2009ರಲ್ಲಿ ಬಾಗಿ ಪೀಕ್ ಎಂಬ ಹೆಸರು ತೆಗೆದು ಮೌಂಟ್ ಒಬಾಮಾ ಎಂದಿಟ್ಟಿದ್ದರು. ಸರ್ಕಾರ ಬದಲಾಯಿತು, ಗುಡ್ಡ ಮತ್ತೆ ಬಾಗಿ ಪೀಕ್ ಆಯಿತು. ವೃತ್ತಗಳಿಗೆ ಹೆಸರಿಡುವ ನಮ್ಮ ಪಾಲಿಕೆಗಳನ್ನು ಕಂಡವರಿಗೆ ಇಲ್ಲಿ ತವರುಮನೆಗೆ ಬಂದಂತಾದೀತು.

ಊಟದ ವಿಚಾರಕ್ಕೆ ಬಂದರೆ ಮಂಡ್ಯ, ಹಾಸನದವರು ಅದೃಷ್ಟವಂತರು. ಅಲ್ಲಿಯ ಫಂಜಿ ಎಂಬುದು ಜೋಳದ ಹಿಟ್ಟಿನ ಮುದ್ದೆಯೇ. ಮುಸುಕಿನ ಜೋಳ, ನಮ್ಮ ಉತ್ತರ ಕರ್ನಾಟಕದ ಜೋಳವಲ್ಲ. ಬೆಂಡೆಕಾಯಿ ಬೇಯಿಸಿದ ನೀರಿಗೆ ಹಿಟ್ಟು ಸುರಿದು, ಮರದ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಬೆಣ್ಣೆ ಸವರಿದ ಬಟ್ಟಲಿನಲ್ಲಿ ಉರುಳಿಸಿ ಉಂಡೆ ಮಾಡುತ್ತಾರೆ. ಬೆಂಡೆಯ ಲೋಳೆಯಿಂದಾಗಿ ಗಂಟಲಲ್ಲಿ ಇಳಿಯುವ ಪರಿ ನೋಡಿದರೆ ನಮ್ಮವರು ಇದನ್ನು ಯಾಕೆ ಕಂಡುಹಿಡಿಯಲಿಲ್ಲ ಎನ್ನಿಸುತ್ತದೆ. ಜೊತೆಗೆ ಪೆಪ್ಪರ್‌ಪಾಟ್: ಸೊಪ್ಪು, ಬದನೆ, ಕುಂಬಳ ಹಾಕಿದ ಗಟ್ಟಿ ಸಾರು. ಸಸ್ಯಾಹಾರಿಗಳು ಇಲ್ಲಿ ತಟ್ಟೆಗೆ ಕೈಹಾಕುವ ಮೊದಲು ನಿಲ್ಲಬೇಕು. ಸೊಪ್ಪಿನ ಅಡಿಯಲ್ಲಿ ಉಪ್ಪು ಹಾಕಿಟ್ಟ ಗೋಮಾಂಸವೋ ಹಂದಿಯ ಬಾಲವೋ ಮುಳುಗಿರುತ್ತದೆ. "ಮಾಂಸ ಇಲ್ವಾ?" ಎಂದರೆ ಇಲ್ಲ ಎಂದೇ ಹೇಳಿಯಾರು, ರುಚಿಗೆ ಹಾಕಿದ್ದನ್ನು ಮಾಂಸವೆಂದು ಲೆಕ್ಕ ಹಿಡಿಯುವವರು ಅಲ್ಲಿ ಕಡಿಮೆ. ಒಳಗೆ ಏನೇನಿದೆ ಎಂದು ಒಂದೊಂದಾಗಿ ಕೇಳಿ. ಇಲ್ಲದಿದ್ದರೆ ಕಡಲೆಕಾಳು, ಆಲೂಗಡ್ಡೆ ತುಂಬಿದ ರೊಟ್ಟಿ ಸಿಗುತ್ತದೆ. ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಟ್ರಿನಿಡಾಡ್, ಗಯಾನಾಗಳಿಗೆ ಹೋದ ಭಾರತೀಯರ ಕೈರುಚಿ ಅಲ್ಲಿಂದ ಇಲ್ಲಿಗೂ ಹರಿದುಬಂದಿದೆ.

ಸಮುದ್ರದ ದಂಡೆಯ ಬಗ್ಗೆ ಹೇಳದೆ ಬಿಟ್ಟರೆ ಬೈದೀರಿ. 365 ಕಡಲತೀರಗಳಿವೆ, ದಿನಕ್ಕೊಂದು, ಎಂದು ಅವರು ಹೇಳಿಕೊಳ್ಳುತ್ತಾರೆ. ಯಾರು ಎಣಿಸಿದರೋ, ಅಧಿಕ ವರ್ಷದ ಫೆಬ್ರುವರಿ 29ರಂದು ಎಲ್ಲಿಗೆ ಹೋಗುತ್ತಾರೋ ತಿಳಿಯದು. ಎಲ್ಲವೂ ಸಾರ್ವಜನಿಕ, ದೊಡ್ಡ ಹೋಟೆಲಿನ ಮುಂದಿನದೂ. ಮ್ಯಾಂಚಿನೀಲ್ ಎಂಬ ಮರವೊಂದನ್ನು ಮಾತ್ರ ಗುರುತಿಟ್ಟುಕೊಳ್ಳಿ. ಪುಟ್ಟ ಹಸಿರು ಸೇಬಿನಂಥ ಹಣ್ಣು, ಘಮಘಮ ವಾಸನೆ, ಒಳಗೆಲ್ಲ ವಿಷ. ಮಳೆ ಬಂದಾಗ ಅದರಡಿ ನಿಂತರೆ ಎಲೆಯಿಂದ ಇಳಿದ ಹನಿಗೇ ಮೈ ಬೊಬ್ಬೆ ಏಳುತ್ತದೆ. ಮಳೆಗೆ ಮರದಡಿ ಓಡುವುದು ನಮ್ಮ ರಕ್ತದಲ್ಲೇ ಬಂದದ್ದು. ಇಲ್ಲಿ ನೆನೆಯುವುದೇ ಜಾಣತನ, ಹೇಗೂ ಸ್ನಾನಕ್ಕೆಂದೇ ಬಂದಿದ್ದೀರಲ್ಲ.

ಒಂದು ಮಧ್ಯಾಹ್ನ ಮರಳು ಕೊಡವಿಕೊಂಡು ಪಟ್ಟಣದ ಹಳೆಯ ಕ್ರಿಕೆಟ್ ಮೈದಾನಕ್ಕೆ ಹೋಗಿ. 2002ರ ಮೇನಲ್ಲಿ ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು ನಮ್ಮ ಕುಂಬ್ಳೆ ಬೌಲ್ ಮಾಡಿ ಲಾರಾನನ್ನು ಎಲ್‌ಬಿಡಬ್ಲ್ಯೂ ಬಲೆಗೆ ಕೆಡವಿದ್ದು ಇಲ್ಲೇ. ಗೇಟಿನ ಬಳಿ ಕೂತ ಯಾರಾದರೂ ಹಿರಿಯರಿಗೆ ಮೊದಲು ನಮಸ್ಕಾರ ಹೇಳಿ, ಆಮೇಲೆ ಕುಂಬ್ಳೆಯ ಊರಿನವರೆಂದು ಎದೆಯುಬ್ಬಿಸಿ. ಆದರೆ ತುಂಬ ಉಬ್ಬಿಸಬೇಡಿ. ಲಾರಾ 1994ರಲ್ಲಿ 375, 2004ರಲ್ಲಿ 400 ಹೊಡೆದದ್ದೂ ಇದೇ ಮೈದಾನದಲ್ಲಿ. ನಮ್ಮ ಒಂದು ವಿಕೆಟ್ಟಿಗೆ ಅವರ 775 ರನ್ನು, ಅದರಲ್ಲೂ ಎರಡನೆಯದು ನಾಟೌಟ್. ಮಾತು ಅಲ್ಲಿಗೆ ಬಂದಾಗ ಈ ವರ್ಷ ಮಳೆ ಹೇಗೆ ಎಂದು ಕೇಳಿಬಿಡಿ. ನದಿಯಿಲ್ಲದ, ಕುಡಿಯುವ ನೀರಿಗೆ ಸಮುದ್ರವನ್ನೇ ಸೋಸುವ ದ್ವೀಪವದು. ಮುಂದಿನ ಒಂದು ಗಂಟೆ ನೀವು ಬಾಯಿ ತೆರೆಯಬೇಕಾಗಿಲ್ಲ.