ಹದಿನೆಂಟನೆಯ ಅಂಕದ ಮೀಮಾಂಸೆ

ನಮ್ಮ ಹಿಂದಿನವರು ಯಾವ ಶಾಸ್ತ್ರಗ್ರಂಥಕ್ಕೆ ಕೈಹಾಕಿದರೂ ಮೊದಲ ಪುಟದಲ್ಲೇ ನಾಲ್ಕು ಸಂಗತಿಗಳನ್ನು ಇತ್ಯರ್ಥ ಮಾಡಿಬಿಡುತ್ತಿದ್ದರು: ವಿಷಯ ಯಾವುದು, ಓದಲು ಅಧಿಕಾರಿ ಯಾರು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಪ್ರಯೋಜನವೇನು. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಈ ಪದ್ಧತಿ ಅಳಿದುಹೋಯಿತೆಂದು ಕೊರಗುವ ಪಂಡಿತರು ಎಂಜಿನಿಯರಿಂಗ್ ಕಾಲೇಜಿನ ಮೊದಲ ಸೆಮಿಸ್ಟರಿನ ಗಣಿತದ ತರಗತಿಗೆ ಒಮ್ಮೆಯೂ ಕಾಲಿಟ್ಟವರಲ್ಲ. ಅಲ್ಲಿ ಮೊದಲ ದಿನ ಓದಿ ಹೇಳುವ ನಿಯಮಗಳ ಹಾಳೆಯಲ್ಲಿ ನಾಲ್ಕೂ ಯಥಾಸ್ಥಾನದಲ್ಲಿವೆ. ವಿಷಯ, ಬಹುಚರ ಕಲನವೇ ಮೊದಲಾದ ಐದು ಮಾಡ್ಯೂಲು. ಅಧಿಕಾರಿ, ಶೇ. 85 ಹಾಜರಾತಿ ಉಳ್ಳವನು. ಸಂಬಂಧ, ಇಂಟರ್ನಲ್ಸ್. ಪ್ರಯೋಜನ, ನಾಲ್ಕು ಕ್ರೆಡಿಟ್. ಮೋಕ್ಷವೆಂಬ ಶಬ್ದ ಮಾತ್ರ ಕಾಣುವುದಿಲ್ಲ. ಆ ಜಾಗದಲ್ಲಿ ‘ಪಾಸ್’ ಎಂದಿದೆ, ಅರ್ಥದಲ್ಲಿ ಭೇದವಿಲ್ಲ. ಈ ಹಾಳೆಯ ಮೇಲೆ ಟೀಕೆಗಳು ಬೇಕಾದಷ್ಟು ಹುಟ್ಟಿವೆ, ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನಲ್ಲಿ ಯೂಟ್ಯೂಬಿನಲ್ಲಿ ಪ್ರಚಾರದಲ್ಲೂ ಇವೆ. ಭಾಷ್ಯ ಮಾತ್ರ ಹುಟ್ಟಿಲ್ಲ. ಆ ಕೊರತೆಯನ್ನು ನೀಗಲು ಹೊರಟ ಈ ಪ್ರಬಂಧದ ವಾದ ಒಂದೇ: ಬೇಲಿಯೆಂದು ನಾವು ತಿಳಿದಿರುವ ಈ ನಿಯಮಗಳೇ ಹೊಲ. ಬಹುಚರ ಕಲನವೆಂದು ಪುಸ್ತಕದಲ್ಲಿ ಅಚ್ಚಾಗಿರುವುದು ಆ ನಿಯಮಗಳಿಗೆ ಕೊಟ್ಟ ಉದಾಹರಣೆಗಳು ಮಾತ್ರ.

ಮೂಲಪಾಠವನ್ನು ನಿಗದಿ ಮಾಡಿಕೊಳ್ಳದೆ ಭಾಷ್ಯಕ್ಕೆ ಕೂರಬಾರದು. ಪಾಠಾಂತರಗಳು ಹಲವು, ಸ್ವಾಯತ್ತ ಕಾಲೇಜುಗಳದ್ದೊಂದು ಶಾಖೆ, ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಇನ್ನೊಂದು. ಇಲ್ಲಿ ಹಿಡಿದಿರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮನ್ನು, ಅದರಲ್ಲೂ ಕಂಪ್ಯೂಟರ್ ಸೈನ್ಸ್ ಕಡೆಯವರ ಮೊದಲ ಸೆಮಿಸ್ಟರಿನ ಗಣಿತವನ್ನು. ಅದು ಹೇಳುವುದಿಷ್ಟು. ಇಂಟರ್ನಲ್ಸ್‌ಗೆ 50 ಅಂಕ, ಕನಿಷ್ಠ 20 ಬರಬೇಕು. ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 50, ಕನಿಷ್ಠ 18. ಎರಡೂ ಸೇರಿ 100ಕ್ಕೆ 40. ಮೇಲುನೋಟಕ್ಕೆ ಗುಮಾಸ್ತರ ಭಾಷೆ. ಆದರೆ ಕೂಡಿ ನೋಡಿ: 20ಕ್ಕೆ 18 ಸೇರಿದರೆ 38. ಅಲ್ಲೂ ಪಾಸಾಗಿ, ಇಲ್ಲೂ ಪಾಸಾಗಿ, ಒಟ್ಟಿನಲ್ಲಿ ಫೇಲಾದ ಒಬ್ಬ ವಿದ್ಯಾರ್ಥಿ ಈ ಲೋಕದಲ್ಲಿ ಇರಬಹುದೆಂದಾಯಿತು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಇಂಟರ್ನಲ್ಸ್, ಮೇಲಕ್ಕೆ ಪರೀಕ್ಷೆ ಎಂದು ಗೀಟೆಳೆದರೆ ಆತ ವಾಸವಿರುವ ಜಾಗ ಕಣ್ಣಿಗೇ ಬೀಳುತ್ತದೆ. (20, 18), (22, 18), (20, 20) ಎಂಬ ಮೂರು ಮೂಲೆಗಳ ಒಂದು ಪುಟ್ಟ ತ್ರಿಕೋನ. ವಿಸ್ತೀರ್ಣ ಸರಿಯಾಗಿ ಎರಡು ಚದರ ಅಂಕ. ತ್ರಿಶಂಕುವಿಗೆ ವಿಶ್ವಾಮಿತ್ರ ಬೇರೆಯೇ ಸ್ವರ್ಗ ಕಟ್ಟಿಕೊಟ್ಟನೆಂದು ಪುರಾಣ ಹೇಳುತ್ತದೆ, ಅದರ ಉದ್ದಗಲ ಹೇಳುವುದಿಲ್ಲ. ನಿಯಮಗಳ ಹಾಳೆ ಅದನ್ನೂ ಹೇಳಿದೆ. ಇನ್ನು ಪಾಸಾಗುವವರ ಸೀಮೆ: 30ನ್ನು 32ರಿಂದ ಗುಣಿಸಿ ತ್ರಿಶಂಕುವಿನ ಎರಡು ಚದರವನ್ನು ಕಳೆದರೆ 958. ಇಡೀ ಚೌಕ 2,500. ಅಂಕಗಳು ಮಲೆನಾಡಿನ ಮಳೆಯಂತೆ ಎಲ್ಲ ಕಡೆಗೂ ಸಮನಾಗಿ ಸುರಿದವೆಂದುಕೊಂಡರೆ ನೂರಕ್ಕೆ 38.32 ಮಂದಿ ಪಾಸಾಗಬೇಕು. ಈ ಬಗೆಯ ಲೆಕ್ಕಕ್ಕೆ ಡಬಲ್ ಇಂಟಿಗ್ರಲ್ ಎನ್ನುತ್ತಾರೆ, ಅದು ಎರಡನೆಯ ಸೆಮಿಸ್ಟರಿನ ಪಾಠ. ಹಾಳೆ ಅದನ್ನು ಮೊದಲ ಸೆಮಿಸ್ಟರಿನ ಮೊದಲ ದಿನವೇ ಮುಗಿಸಿದೆ.

ಹದಿನೆಂಟೇ ಏಕೆ? ಪುರಾಣಗಳು ಹದಿನೆಂಟು, ಭಾರತದ ಪರ್ವಗಳು ಹದಿನೆಂಟು, ಗೀತೆಯ ಅಧ್ಯಾಯಗಳು ಹದಿನೆಂಟು, ಕುರುಕ್ಷೇತ್ರದಲ್ಲಿ ನೆರೆದ ಸೈನ್ಯ ಹದಿನೆಂಟು ಅಕ್ಷೋಹಿಣಿ, ಅದು ಕಾದಾಡಿದ್ದು ಹದಿನೆಂಟು ದಿನ. ಇಷ್ಟು ಸಾಕ್ಷ್ಯ ಕಣ್ಣೆದುರಿಗಿದ್ದರೂ, 50ರಲ್ಲಿ ಶೇ. 35 ಎಂದರೆ 17.5, ಅದನ್ನು ಮೇಲಕ್ಕೆ ದೂಡಿದ್ದರಿಂದ 18 ಆಯಿತು ಅಷ್ಟೆ ಎನ್ನುವ ಶುಷ್ಕ ತಾರ್ಕಿಕರಿದ್ದಾರೆ. ಅವರ ಮಾತು ಒಪ್ಪಿದರೂ ನಮಗೆ ನಷ್ಟವಿಲ್ಲ. ಪ್ರಶ್ನೆಪತ್ರಿಕೆ ಇರುವುದು 100 ಅಂಕಕ್ಕೆ, ಆಮೇಲೆ ಅದನ್ನು 50ಕ್ಕೆ ಇಳಿಸುತ್ತಾರೆ. ಪ್ರತಿ ಮಾಡ್ಯೂಲಿನಿಂದ ಎರಡು ಪೂರ್ಣ ಪ್ರಶ್ನೆ, ಅವೆರಡರಲ್ಲಿ ಒಂದನ್ನು ಬಿಡಿಸಬೇಕು, ಒಂದಕ್ಕೆ 20 ಅಂಕ. ಬೇಕಾದದ್ದು 35. ಎರಡು ಮಾಡ್ಯೂಲು ಗಟ್ಟಿಯಾದರೆ 40 ಕೈಯಲ್ಲಿರುತ್ತದೆ. ದಾರಿಯಲ್ಲಿ ಐದು ಚೆಲ್ಲಿಹೋದರೂ ಮನೆ ಸೇರಬಹುದು. ಐದರಲ್ಲಿ ಎರಡನ್ನು ಆರಿಸಲು ಹತ್ತು ದಾರಿ. ಬಹುಚರ ಕಲನವಿರುವುದು ಎರಡನೆಯ ಮಾಡ್ಯೂಲಿನಲ್ಲಿ ಮಾತ್ರ, ಅಲ್ಲಿಯೂ ಅದು ಸರಣಿಗಳ ಜೊತೆ ಬಾಡಿಗೆ ಹಂಚಿಕೊಂಡಿದೆ. ಅದನ್ನು ಬಿಟ್ಟು ಉಳಿದ ನಾಲ್ಕರಲ್ಲಿ ಎರಡನ್ನು ಆರಿಸಲು ಆರು ದಾರಿ. ಇಂಟರ್ನಲ್ಸ್‌ನಲ್ಲಿ 22 ಕೈಗೆ ಬಂದಿದ್ದರೆ ಸಾಕು, ಹತ್ತರಲ್ಲಿ ಆರು ದಾರಿಗಳು ಬಹುಚರ ಕಲನದ ಊರೊಳಗೆ ಹೋಗದೆ ಬೈಪಾಸಿನಲ್ಲೇ ಗುರಿ ಮುಟ್ಟುತ್ತವೆ.

ಇದನ್ನು ನೋಡಿ ಶಿಕ್ಷಣ ಹಾಳಾಯಿತೆಂದು ಗೋಳಿಡುವವರು ಒಂದು ಅಂಶವನ್ನು ಮರೆಯುತ್ತಾರೆ. ಆ ಆರು ದಾರಿಗಳನ್ನು ಹುಡುಕಿದವನು ಮಾಡಿದ್ದಾದರೂ ಏನು? ಇಂಟರ್ನಲ್ಸ್, ಪರೀಕ್ಷೆ, ಹಾಜರಾತಿ ಎಂಬ ಮೂರು ಚರಗಳನ್ನು ಹಿಡಿದ. ಮೂರಕ್ಕೂ ನಿರ್ಬಂಧಗಳನ್ನು ಹಾಕಿಕೊಂಡ. ಅವುಗಳೊಳಗೆ ಶ್ರಮ ಎಲ್ಲಿ ಕನಿಷ್ಠವಾಗುತ್ತದೆಂದು ಕಂಡುಕೊಂಡ. ಉತ್ತರ ಸಿಕ್ಕಿದ್ದು ಸೀಮೆಯ ಅಂಚಿನ ಮೇಲೆ; ಶಾಸ್ತ್ರದಲ್ಲಿ ಗಡಿಬಿಂದು, ಹಾಸ್ಟೆಲಿನಲ್ಲಿ ಬಾರ್ಡರ್ ಪಾಸ್. ನಿರ್ಬಂಧಗಳಿರುವಾಗ ಗರಿಷ್ಠ-ಕನಿಷ್ಠಗಳನ್ನು ಹುಡುಕುವ ಗುಣಕವಿಧಾನವನ್ನು ಲಗ್ರಾಂಜ್ 1788ರ ತನ್ನ ಯಂತ್ರಶಾಸ್ತ್ರದ ಗ್ರಂಥದಲ್ಲಿ ಬಳಸಿದ. ಈ ಸಿಲಬಸ್ಸು ಆ ವಿಧಾನವನ್ನು ಪಾಠಕ್ಕೆ ಸೇರಿಸದೆ ‘ಸ್ವಯಂ ಅಧ್ಯಯನ’ಕ್ಕೆ ಬಿಟ್ಟಿದೆ, ಅದೂ ಒಂದೇ ನಿರ್ಬಂಧವಿರುವಷ್ಟಕ್ಕೆ. ಸ್ವಯಂ ಅಧ್ಯಯನವನ್ನು ಯಾರೂ ಮಾಡುವುದಿಲ್ಲವೆಂಬ ಅಪವಾದ ಹಳೆಯದು. ಮೂರು ನಿರ್ಬಂಧಗಳ ಮಟ್ಟಿಗೆ ಮಾಡಿ ಮುಗಿಸಿದವರು ಪ್ರತಿ ಹಾಸ್ಟೆಲಿನ ಪ್ರತಿ ಕೋಣೆಯಲ್ಲೂ ಸಿಗುತ್ತಾರೆ. ಆ ಮಾಡ್ಯೂಲನ್ನು ಬಿಟ್ಟವರಲ್ಲೇ ಹೆಚ್ಚು ಸಿಗುತ್ತಾರೆ.

ಹಾಜರಾತಿಯ ಅಕ್ಷವನ್ನು ಇನ್ನೂ ಅಳೆದಿಲ್ಲ. ಶೇ. 85 ಇಲ್ಲದವನು ಪರೀಕ್ಷೆಗೆ ಕೂರುವಂತಿಲ್ಲ. ಆದರೆ ತಕ್ಕ ಕಾರಣವಿದ್ದು, ಪ್ರಿನ್ಸಿಪಾಲರು ಶಿಫಾರಸು ಮಾಡಿ, ಕುಲಪತಿಗಳು ಒಪ್ಪಿದರೆ ಹತ್ತು ಶೇಕಡಾದವರೆಗಿನ ಶಾರ್ಟೇಜ್ ಮನ್ನಾ ಆಗುತ್ತದೆ. ಇದಕ್ಕೆ ಕಂಡೊನೇಷನ್ ಎನ್ನುತ್ತಾರೆ. ಈಗ ಮೊದಲಿನ 958 ಚದರದ ಮೇಲೆ ಹಾಜರಾತಿಯನ್ನು ಎತ್ತರವಾಗಿ ನಿಲ್ಲಿಸಿ. ಮನ್ನಾ ಇಲ್ಲದಿದ್ದರೆ ಪಾಸಿನ ಗಾತ್ರ 958 ಗುಣಿಸು 15, ಅಂದರೆ 14,370 ಘನ. ಮನ್ನಾ ಇದ್ದರೆ 958 ಗುಣಿಸು 25, ಅಂದರೆ 23,950. ವ್ಯತ್ಯಾಸ 9,580. ಒಂದು ಸಹಿಗೆ ಎಷ್ಟು ತೂಕವಿದೆಯೆಂದು ನಮ್ಮ ಆಡಳಿತಶಾಸ್ತ್ರ ಬಹಳ ಕಾಲದಿಂದ ಊಹಿಸುತ್ತ ಬಂದಿದೆ. ಅದರ ಘನಫಲವನ್ನು ಅಂಕಿಯಲ್ಲಿ ಕೊಟ್ಟದ್ದು ಬಹುಶಃ ಇದೇ ಮೊದಲು. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯ ತನ್ನ ಕೃತಿಗೆ ‘ವ್ಯವಹಾರ ಗಣಿತ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಗಣಿತ ಶಾಶ್ವತ, ನಿಯಮಗಳು ಸ್ಕೀಮಿನಿಂದ ಸ್ಕೀಮಿಗೆ ಬದಲಾಗುವಂಥವು. ಶಾಶ್ವತವಾದದ್ದು ಬದಲಾಗುವುದರ ಉದಾಹರಣೆಯಾಗುವುದು ಹೇಗೆ? ಆತನಿಗೆ ಚರಿತ್ರೆಯೇ ಉತ್ತರ. ಬಹುಚರ ಕಲನದ ಕೊನೆಯ ಅಧ್ಯಾಯದಲ್ಲಿ ಗಂಭೀರವಾಗಿ ಕುಳಿತಿರುವ ಸ್ಟೋಕ್ಸ್ ಪ್ರಮೇಯವನ್ನು ಸ್ಟೋಕ್ಸ್ ಕಂಡುಹಿಡಿಯಲಿಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್ 1850ರಲ್ಲಿ ಅವನಿಗೆ ಬರೆದ ಪತ್ರದಲ್ಲಿ ಅದಿತ್ತು. ಸ್ಟೋಕ್ಸ್ ಮಾಡಿದ್ದು, 1854ರಲ್ಲಿ ಕೇಂಬ್ರಿಜಿನ ಸ್ಮಿತ್ ಬಹುಮಾನದ ಪರೀಕ್ಷೆಗೆ ಅದನ್ನು ಪ್ರಶ್ನೆಯಾಗಿ ಹಾಕಿದ್ದು. ಆ ವರ್ಷ ಪರೀಕ್ಷೆಗೆ ಕೂತವರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇದ್ದ. ಪ್ರಮೇಯಕ್ಕೆ ನಿಂತ ಹೆಸರು ಕಂಡವನದಲ್ಲ, ಬಿಡಿಸಿದವನದೂ ಅಲ್ಲ, ಪ್ರಶ್ನೆಪತ್ರಿಕೆ ತೆಗೆದವನದು. ಎರಡನೆಯ ಮಾಡ್ಯೂಲಿನಲ್ಲೇ ಇರುವ ಲೋಪಿತಾಲನ ನಿಯಮದ ಕಥೆ ಇನ್ನೂ ಸೊಗಸು. 1694ರಲ್ಲಿ ಆ ಜಹಗೀರುದಾರ ಯೋಹಾನ್ ಬೆರ್ನೂಲಿಗೆ ವರ್ಷಕ್ಕೆ 300 ಲಿವ್ರ್ ಕೊಡುವುದಾಗಿ ಹೇಳಿದ; ಬದಲಿಗೆ ಬೆರ್ನೂಲಿ ತಾನು ಕಂಡದ್ದನ್ನು ಅವನಿಗೆ ತಿಳಿಸಬೇಕು, ಬೇರೆಯವರಿಗೆ ತಿಳಿಸಕೂಡದು. 1696ರಲ್ಲಿ ಲೋಪಿತಾಲನ ಪುಸ್ತಕ ಬಂತು, ನಿಯಮಕ್ಕೆ ಅವನ ಹೆಸರೇ ನಿಂತಿತು. ಅಸೈನ್‌ಮೆಂಟನ್ನು ಬೇರೆಯವರಿಂದ ಬರೆಸಿ ತಂದರೆ ಅಂಕವಿಲ್ಲವೆಂದು ನಿಯಮಗಳ ಹಾಳೆಗಳು ಗದರಿಸುತ್ತಲೇ ಇರುತ್ತವೆ. ಆ ಗದರಿಕೆಗೆ ಇದಕ್ಕಿಂತ ಒಳ್ಳೆಯ ಸೋದಾಹರಣ ವ್ಯಾಖ್ಯಾನ ಯಾವ ಸ್ಮೃತಿಯಲ್ಲಿ ಸಿಕ್ಕೀತು? ಇನ್ನು ಹಾಜರಾತಿಗೆ ಜಾರ್ಜ್ ಗ್ರೀನ್. ನಾಟಿಂಗ್‌ಹ್ಯಾಮಿನ ಹಿಟ್ಟಿನ ಗಿರಣಿಯವನ ಮಗ, ಎಳವೆಯಲ್ಲಿ ಶಾಲೆಗೆ ಹೋದದ್ದು ಸುಮಾರು ಒಂದು ವರ್ಷ. ಗಾಳಿಗಿರಣಿ ನೋಡಿಕೊಳ್ಳುತ್ತಲೇ 1828ರಲ್ಲಿ ಪ್ರಬಂಧ ಪ್ರಕಟಿಸಿದ, ಕೇಂಬ್ರಿಜಿಗೆ ವಿದ್ಯಾರ್ಥಿಯಾಗಿ ಸೇರುವಾಗ ನಲವತ್ತಾಗಿತ್ತು. ಅವನ ಹೆಸರಿಲ್ಲದೆ ಬಹುಚರ ಕಲನದ ಪುಸ್ತಕ ಮುಗಿಯುವುದಿಲ್ಲ. ಎಳವೆಯ ಆ ಹಾಜರಾತಿಯೊಂದಿಗೆ ಬಂದಿದ್ದರೆ, ಗ್ರೀನನ ಪ್ರಮೇಯದ ಮೇಲಿನ ಪ್ರಶ್ನೆಗೆ ಉತ್ತರ ಬರೆಯಲು ಗ್ರೀನನಿಗೆ ಹಾಲ್ ಟಿಕೆಟ್ ಸಿಗುತ್ತಿರಲಿಲ್ಲ. ಹಾಗಾದರೆ ಯಾವುದು ಯಾವುದಕ್ಕಿಂತ ಮೂಲಭೂತ?

ಎರಡನೆಯ ಆಕ್ಷೇಪ ಹೆಚ್ಚು ಹರಿತವಾದದ್ದು. ಮಾಡ್ಯೂಲನ್ನು ಬಿಟ್ಟವನಿಗೆ ಪಾರ್ಷಿಯಲ್ ಡಿಫರೆನ್ಸಿಯೇಷನ್ನಿನ ಗಂಧವಿಲ್ಲ. ತಿಳಿಯದೆ ಮಾಡಿದ್ದನ್ನು ವಿದ್ಯೆ ಎನ್ನಬಹುದೇ? ಪಾರ್ಷಿಯಲ್ ಎಂದರೆ ಉಳಿದ ಚರಗಳನ್ನೆಲ್ಲ ಅಲುಗಾಡದಂತೆ ಹಿಡಿದು ಒಂದನ್ನು ಮಾತ್ರ ಬದಲಿಸಿ ಫಲ ಹೇಗೆ ಬದಲಾಗುತ್ತದೆಂದು ನೋಡುವುದು. ‘ಬೇರೆಯದೆಲ್ಲ ಹಾಗಿರಲಿ, ಈ ವಾರ ಗಣಿತ ಒಂದನ್ನು ಓದು’ ಎಂದು ಫೋನಿನಲ್ಲಿ ಹೇಳುವ ತಾಯಿ ತೆಗೆದದ್ದು ಅದನ್ನೇ. ಅದಕ್ಕೆ ಬಳಸುವ ಬಾಲ ಮುರಿದ ‘ಡಿ’ಯನ್ನು ಲೆಜಾಂಡ್ರ್ 1786ರಲ್ಲಿ ಬರೆದು ಕೈಬಿಟ್ಟ, ಯಾಕೋಬಿ 1841ರಲ್ಲಿ ಮತ್ತೆ ಎತ್ತಿಕೊಂಡ; ನಡುವಿನ ಐವತ್ತೈದು ವರ್ಷ ಚಿಹ್ನೆಗೇ ಶಾರ್ಟೇಜ್. ಟೋಟಲ್ ಡಿರೈವೇಟಿವ್ ಎಂದರೆ ಒಂದರ ಬದಲಾವಣೆ ಇನ್ನೊಂದರ ಮೂಲಕ ಹರಿದು ಮೂರನೆಯದನ್ನು ಮುಟ್ಟುವುದು: ರಾತ್ರಿಯ ಕ್ರಿಕೆಟ್ ನಿದ್ದೆಯನ್ನು, ನಿದ್ದೆ ಬೆಳಗಿನ ಮೊದಲ ಪೀರಿಯಡ್ಡನ್ನು, ಪೀರಿಯಡ್ಡು ಹಾಜರಾತಿಯನ್ನು. ಇದಕ್ಕಿಂತ ನುಣುಪಾದ ಉದಾಹರಣೆ ಕ್ರಮದ ಪ್ರಶ್ನೆಯಲ್ಲಿದೆ. ಎರಡನೆಯ ಪಾರ್ಷಿಯಲ್‌ಗಳು ಸಂತತವಾಗಿದ್ದರೆ ಮೊದಲು ಎಕ್ಸ್, ಆಮೇಲೆ ವೈ ಎಂದು ತೆಗೆದರೂ, ತಿರುವುಮುರುವಾಗಿ ತೆಗೆದರೂ ಉತ್ತರ ಒಂದೇ. ಆ ಷರತ್ತು ತಪ್ಪಿದಲ್ಲಿ ಒಂದು ಕ್ರಮಕ್ಕೆ 1, ಇನ್ನೊಂದಕ್ಕೆ −1 ಬರುವ ಪ್ರಸಿದ್ಧ ಫಲನವೊಂದಿದೆ, ಎಡವಟ್ಟಾಗುವುದು ಮೂಲಬಿಂದುವೊಂದರಲ್ಲಿ ಮಾತ್ರ. ಈಗ ರಜೆ ಮತ್ತು ರಜೆಚೀಟಿಯನ್ನು ತೆಗೆದುಕೊಳ್ಳಿ. ಮೊದಲು ಚೀಟಿ, ಆಮೇಲೆ ರಜೆ ಎಂದರೆ ಹಾಜರಾತಿ ಉಳಿಯುತ್ತದೆ. ಮೊದಲು ರಜೆ, ಆಮೇಲೆ ಚೀಟಿ ಎಂದರೆ ಅದೇ ಜ್ವರ, ಅದೇ ಡಾಕ್ಟರು, ಅದೇ ಸೀಲು ಇದ್ದೂ ಫಲಕ್ಕೆ ಋಣಚಿಹ್ನೆ ಬೀಳುತ್ತದೆ. ಸಂತತತೆ ತಪ್ಪುವ ಆ ಮೂಲಬಿಂದು ಕಾಲೇಜಿನ ಆಫೀಸಿನ ಕೌಂಟರಿನ ಆಸುಪಾಸಿನಲ್ಲಿದೆಯೆಂದು ಬಲ್ಲವರು ಹೇಳುತ್ತಾರೆ.

ಪ್ರಾಕ್ಸಿಯ ವಿಚಾರವನ್ನು ಬೇಗ ಮುಗಿಸಬಹುದು. ಎರಡು ರೋಲ್ ನಂಬರುಗಳಿಗೆ ಒಂದೇ ಗಂಟಲು ‘ಎಸ್ ಸರ್’ ಎಂದಾಗ ಎರಡು ಬಿಂದುಗಳು ಒಂದರ ಮೇಲೆ ಕುಸಿಯುತ್ತವೆ. ಹೀಗೆ ಕುಸಿದ ಪರಿವರ್ತನೆಗೆ ವಿಲೋಮವಿಲ್ಲ. ಮೇಷ್ಟ್ರು ತಲೆ ಎಣಿಸಿ ಹಿಂದಕ್ಕೆ ಹೋಗಲು ನೋಡಿದಾಗ ಲೆಕ್ಕ ಕೂಡುವುದಿಲ್ಲ. ಪರಿವರ್ತನೆಯ ಯಾಕೋಬಿಯನ್ ಎಂಬ ಡಿಟರ್ಮಿನೆಂಟು ಸೊನ್ನೆಯಾದರೆ ಸಾಮಾನ್ಯವಾಗಿ ಎದುರಾಗುವ ಆಪತ್ತು ಇದೇ ಜಾತಿಯದು.

ಉಳಿದದ್ದು ಕೊನೆಯ ಆಕ್ಷೇಪ. ನಿಯಮಗಳೇ ಪಠ್ಯವೆಂದಾದರೆ ಎರಡನೆಯ ಮಾಡ್ಯೂಲನ್ನು ಸಿಲಬಸ್ಸಿನಿಂದ ಕಿತ್ತುಹಾಕಬಹುದಲ್ಲ? ಕೂಡದು. ಅದನ್ನು ಕಿತ್ತರೆ ಬಿಡಲು ಏನುಳಿಯುತ್ತದೆ? ಐದರಲ್ಲಿ ಎರಡನ್ನು ಆರಿಸುವ ಹತ್ತು ದಾರಿಗಳು ನಾಲ್ಕರಲ್ಲಿ ಆರಕ್ಕೆ ಇಳಿಯುತ್ತವೆ, ವಿವೇಚನೆಗೆ ಅಷ್ಟು ಜಾಗ ಕಡಿಮೆಯಾಗುತ್ತದೆ. ಹುಡುಗರು ಇರುವ ಮಾಡ್ಯೂಲುಗಳನ್ನೆಲ್ಲ ಓದಬೇಕಾಗಿ ಬಂದು, ನಿರ್ಬಂಧಗಳ ನಡುವೆ ಕನಿಷ್ಠವನ್ನು ಹುಡುಕುವ ವಿದ್ಯೆ ಒಂದೇ ತಲೆಮಾರಿನಲ್ಲಿ ನಶಿಸೀತು. ಆದ್ದರಿಂದ ಆ ಮಾಡ್ಯೂಲು ಇರಲೇಬೇಕು, ಪ್ರತಿ ಸಲವೂ ಅದರಿಂದ ಎರಡು ಪೂರ್ಣ ಪ್ರಶ್ನೆಗಳು ಬರಲೇಬೇಕು. ಈ ನಿಲುವಿಗೆ ಸಾಕ್ಷ್ಯ ಬೇಕಾದವರು ಮೌಲ್ಯಮಾಪನದ ಹೊತ್ತಿನಲ್ಲಿ ಉತ್ತರಪತ್ರಿಕೆಯ ಕೊನೆಯ ಪುಟ ತಿರುವಿ ನೋಡಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಒಂದೂವರೆ ಗಂಟೆ ಕಳೆದ ಮೇಲೆ ಅಲ್ಲಿ ಪೆನ್ಸಿಲಿನಲ್ಲಿ, ಬಹಳ ಹಗುರವಾಗಿ, ಒಂದು ಕೂಡುಲೆಕ್ಕ ಮೂಡಿರುತ್ತದೆ: ಏಳು, ಏಳು, ಆರು, ಕೆಳಗೆ ಗೆರೆ, 20. ಪಕ್ಕದಲ್ಲಿ ಏಳು, ಆರು, ಎದುರಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಎಷ್ಟಾಯಿತು? 33. ಆಮೇಲೆ ಮಧ್ಯದ ಪುಟವೊಂದರಲ್ಲಿ, ಅದುವರೆಗೆ ಖಾಲಿ ಬಿಟ್ಟಿದ್ದ ಎರಡನೆಯ ಮಾಡ್ಯೂಲಿನ ಜಾಗದಲ್ಲಿ, ಯಾಕೋಬಿಯನ್ನಿನ ವ್ಯಾಖ್ಯೆಯೊಂದನ್ನು ಮಾತ್ರ ಬರೆದು, ಡಿಟರ್ಮಿನೆಂಟಿನ ಎರಡು ಕಂಬಗಳನ್ನು ಸ್ಕೇಲಿಟ್ಟು ನೇರವಾಗಿ ಎಳೆದಿರುತ್ತಾನೆ.