ಬಿದ್ದವನು ಯಾರು?

‘ಜ್ಯಾಗ್ಡ್ ಎಡ್ಜ್’ ಸಿನಿಮಾದ ಕೊಲೆಗಾರ ಯಾರೆಂದು ಇಲ್ಲಿ ಹೇಳಿಯೇ ಹೇಳುತ್ತೇನೆ. 1985ರ ಸಿನಿಮಾ, ಇನ್ನೂ ಗುಟ್ಟು ಕಾಪಾಡಬೇಕೆನ್ನುವವರು ಪುಟ ತಿರುಗಿಸಿಕೊಳ್ಳಲಿ. ತಮಾಷೆಯೆಂದರೆ, ದುಡ್ಡು ಕೊಟ್ಟು ಕೊನೆಯವರೆಗೂ ಕೂತು ನೋಡಿದವರಲ್ಲೇ ಎಷ್ಟೋ ಮಂದಿಗೆ ಈ ಗುಟ್ಟು ಗೊತ್ತಾಗಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದರ ಪ್ರಕಾಶಕ ಜ್ಯಾಕ್, ಅಂದರೆ ಜೆಫ್ ಬ್ರಿಡ್ಜಸ್. ಹೆಂಡತಿಯನ್ನು ಕೊಂದ ಆರೋಪ. ವಕೀಲೆ ಟೆಡ್ಡಿ, ಗ್ಲೆನ್ ಕ್ಲೋಸ್. ಕೇಸು ಗೆಲ್ಲುವ ಮೊದಲೇ ಕಕ್ಷಿದಾರನಿಗೆ ಮನಸ್ಸು ಸೋತಿರುತ್ತಾಳೆ. ಗೆದ್ದ ಮೇಲೆ ಅವನ ಕಪಾಟಿನಲ್ಲಿ ಟೈಪ್‌ರೈಟರ್ ಸಿಗುತ್ತದೆ. ಅದರ ‘ಟಿ’ ಅಕ್ಷರ ಸಾಲಿಗಿಂತ ಚೂರು ಮೇಲೆ ಕೂರುತ್ತದೆ. ವಿಚಾರಣೆಯ ವೇಳೆ ಇವಳಿಗೆ ಬರುತ್ತಿದ್ದ ಅನಾಮಧೇಯ ಪತ್ರಗಳಲ್ಲೂ ಅದೇ ‘ಟಿ’. ರಾತ್ರಿ ಮುಖವಾಡದವನೊಬ್ಬ ಮನೆಗೆ ನುಗ್ಗುತ್ತಾನೆ, ಇವಳು ಗುಂಡು ಹಾರಿಸುತ್ತಾಳೆ, ಪತ್ತೇದಾರ ಸ್ಯಾಮ್ ಮುಖವಾಡ ಕಳಚುತ್ತಾನೆ: ಜ್ಯಾಕ್.

ಗಲಾಟೆ ಶುರುವಾಗುವುದೇ ಇಲ್ಲಿ. ನೆಲಕ್ಕೆ ಬಿದ್ದವನ ಮುಖ ನಿಂತವನ ಮುಖದ ಹಾಗೆ ಕಾಣುವುದಿಲ್ಲ. ಅದು ಜ್ಯಾಕ್ ಅಲ್ಲ, ಕಥೆಯಲ್ಲಿ ಬರುವ ಟೆನಿಸ್ ಕೋಚು ಎಂದವರು ಅಮೆರಿಕದಲ್ಲೇ ಬೇಕಾದಷ್ಟು. ನಮ್ಮ ಮನೆಯಲ್ಲಿ ಆ ಪಕ್ಷದ ಏಕೈಕ ಸದಸ್ಯ ನನ್ನ ಭಾವಮೈದುನ.

ಅವನಿಗೆ ಬುದ್ಧಿ ಕಲಿಸಲು ಚಿತ್ರವನ್ನು ಆ ಮುಖದ ಮೇಲೆ ನಿಲ್ಲಿಸಿದೆ. ಕತ್ತು ಓರೆ ಮಾಡಿದೆ, ಸಾಲಲಿಲ್ಲ. ಮಲಗಿದವನನ್ನು ಮಲಗಿಯೇ ನೋಡಬೇಕೆಂಬ ಜ್ಞಾನೋದಯವಾಗಿ ಸೋಫಾದ ಮೇಲೆ ಅಡ್ಡಡ್ಡ ಬಿದ್ದೆ. ಕಾಲು ಗೋಡೆಗೆ, ತಲೆ ಟೀಪಾಯಿಯ ಕಡೆಗೆ ಜೋತುಬಿದ್ದು, ಮುಖಕ್ಕೆಲ್ಲ ರಕ್ತ ನುಗ್ಗಿ, ಕನ್ನಡಕ ಹಣೆಯ ಕಡೆಗೆ ಜಾರುತ್ತಿತ್ತು. “ದವಡೆ ನೋಡೋ, ದವಡೆ!” ಎಂದು ಕೂಗುತ್ತಿದ್ದೆ. ಅಷ್ಟರಲ್ಲಿ ಅರಿಶಿನ-ಕುಂಕುಮಕ್ಕೆ ಕರೆಯಲು ಬಂದ ಎದುರುಮನೆಯಾಕೆ ಹೊಸಿಲಲ್ಲೇ ನಿಂತರು. ತಲೆಕೆಳಗಾಗಿಯೇ “ಬನ್ನಿ, ಬನ್ನಿ” ಎಂದು ಕೈಮುಗಿದೆ. ಅವರು ಒಮ್ಮೆ ಟೀವಿಯಲ್ಲಿದ್ದ ಹೆಣವನ್ನೂ ಒಮ್ಮೆ ನನ್ನನ್ನೂ ನೋಡಿ, ಒಳಗೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ನನಗೆ ನಾಚಿಕೆಯಾದದ್ದು ನಿಜ. ಎದ್ದು ಕೂರಲಿಲ್ಲವೆನ್ನುವುದೂ ನಿಜ. ಆ ಕೋನದಲ್ಲಿ ಜೆಫ್ ಬ್ರಿಡ್ಜಸ್‌ನ ಮುಖ ಅಷ್ಟು ಚೆನ್ನಾಗಿ ಸಿಕ್ಕಿತ್ತು.

“ಕೋಚೇ,” ಎಂದ ಭಾವಮೈದುನ, ಚಕ್ಕುಲಿ ಮುರಿಯುತ್ತ.

ಇಂಥವರಿಗೆ ಏನು ಹೇಳುವುದು? ಟೈಪ್‌ರೈಟರ್ ಸಿಕ್ಕಾಗ ಇವನೆಲ್ಲಿದ್ದ? ಇದೇ ಕಥೆಯ ನೆರಳಲ್ಲಿ 2001ರಲ್ಲಿ ಹಿಂದಿಯ ‘ಕಸೂರ್’ ಬಂತು. ಅದರಲ್ಲಿ ಲೀಸಾ ರೇಗೆ ದನಿ ಕೊಟ್ಟದ್ದು ದಿವ್ಯಾ ದತ್ತಾ ಎಂಬುದು ಇವನಿಗೆ ಕಂಠಪಾಠ. ಕೊಲೆಗಾರನ ಮುಖ ಮಾತ್ರ ಹತ್ತುವುದಿಲ್ಲ.

ಆದರೆ ‘ಜ್ಯಾಗ್ಡ್ ಎಡ್ಜ್’ನಲ್ಲಿ ಹಳೆಯ ಕೇಸೊಂದರ ಹೆನ್ರಿ ಸ್ಟೈಲ್ಸ್ ಎಂಬ ಇನ್ನೊಬ್ಬನಿದ್ದಾನೆ. ಅವನು ನಿರಪರಾಧಿ ಎನ್ನುವ ಸಾಕ್ಷ್ಯವನ್ನು ಸರ್ಕಾರಿ ವಕೀಲ ಮುಚ್ಚಿಟ್ಟಿದ್ದ. ಸ್ಟೈಲ್ಸ್ ಜೈಲಿನಲ್ಲೇ ನೇಣು ಹಾಕಿಕೊಂಡ. ಜ್ಯಾಕ್‌ನ ಕೇಸಿಗೆ ಮುಂಚೆ ಟೆಡ್ಡಿ ಕ್ರಿಮಿನಲ್ ಕೇಸುಗಳನ್ನೇ ಬಿಟ್ಟಿದ್ದದ್ದು ಆ ಕಾರಣಕ್ಕೆ. ಕೊಂದವನ ಮೋರೆಗಾಗಿ ಇಷ್ಟು ಜಗಳವಾಡುವ ನಾವು ಆ ಬಡಪಾಯಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಸೋಫಾದಿಂದ ಇಳಿದು ಇದನ್ನೇ ಹೇಳಿದೆ. ಭಾವಮೈದುನ ಚಕ್ಕುಲಿ ಅಗಿಯುವುದನ್ನು ನಿಲ್ಲಿಸಿದ. ನಾಟಿತು ಅಂದುಕೊಂಡೆ.

“ಹಾಗಾದರೆ ಬಿದ್ದವನು ಸ್ಟೈಲ್ಸಾ?” ಎಂದ.